ಬಾಯಿ ತಾಗಿದ ಎದೆ

ನನ್ನ ಮಗಳು ಗಂಗೆ ಸತ್ತು ಒಂಬತ್ತು ವರ್ಷವಾದ ಮೇಲೆ, ಅವಳು ಕಮಲಿಯ ಎದೆಹಾಲು ಕುಡಿಯುತ್ತಿದ್ದಾಳೆ ಎಂದು ನಮ್ಮ ಶೆಡ್ಡಿನ ಹೆಂಗಸರು ಹೇಳಿದರು. ಹೇಳಿದವರಲ್ಲಿ ಒಬ್ಬರಿಗೂ ನಗು ಬರಲಿಲ್ಲ. ನನಗೂ ಬರಲಿಲ್ಲ. ನನಗೆ ಸಂತೋಷವಾಯಿತು. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದರಲ್ಲಿ ಸಿಟ್ಟೇ ಜಾಸ್ತಿ. ಸಾವ್ಕಾರನ ಮೇಲೆ, ಮೇಸ್ತ್ರಿಯ ಮೇಲೆ, ದೇವರ ಮೇಲೆ. ನನ್ನ ಪಾಲಿನದನ್ನು ಮುಚ್ಚಿಟ್ಟು ಉಳಿದವರನ್ನು ಬೈಯುವುದು ಸರಿಯಲ್ಲ.

ನನ್ನ ಹೆಸರು ಮಾದೇವಿ. ತವರು ಕುಮಟಾದ ಹತ್ತಿರ ಬಾಡ. ಕೊಟ್ಟದ್ದು ಹೊನ್ನಾವರದ ಬಂದರಿನ ಕೇರಿಗೆ. ಗಂಡ ಬೋಟಿನ ಮೇಲೆ ಹೋದವನು ವಾಪಸು ಬರಲಿಲ್ಲ. ಸಮುದ್ರ ಅವನನ್ನು ನುಂಗಿಲ್ಲ, ಮಲ್ಪೆಯಲ್ಲಿ ಇನ್ನೊಬ್ಬಳ ಮನೆಯಲ್ಲಿ ಚೆನ್ನಾಗಿ ಉಂಡುಕೊಂಡಿದ್ದಾನೆ ಎಂದು ಕೇಳಿದ್ದೇನೆ. ನಾನು ತ್ರ್ಯಂಬಕ ಸಾವ್ಕಾರನ ಶೆಡ್ಡಿನಲ್ಲಿ ಶೆಟ್ಲಿ ಸುಲಿಯುತ್ತಿದ್ದೆ. ಪುಸ್ತಕದಲ್ಲಿ ಸಿಗಡಿ ಎಂದು ಬರೆಯುತ್ತಾರಲ್ಲ, ಅದೇ ಶೆಟ್ಲಿ. ನಾವು ಸುಲಿದದ್ದು ಹಡಗು ಹತ್ತಿ ಜಪಾನಿಗೆ ಹೋಗುತ್ತದೆ ಎಂದು ಮೇಸ್ತ್ರಿ ನಾಗಪತಿ ಹೇಳುತ್ತಿದ್ದ. ಅವನು ಹೇಳುವುದನ್ನು ಕೇಳಿದರೆ ಅವನೇ ಹಡಗು ಬಿಟ್ಟುಕೊಂಡು ಹೋಗಿ ಬಡಿಸಿ ಬರುತ್ತಾನೇನೋ ಅನಿಸಬೇಕು.

ಶೆಡ್ಡೆಂದರೆ ತಗಡಿನ ಮಾಡು, ಮೂರು ಕಡೆ ಗೋಡೆ, ನದಿಯ ಕಡೆ ಬಯಲು. ನಡುವೆ ಉದ್ದಕ್ಕೆ ಸಿಮೆಂಟಿನ ಕಟ್ಟೆ. ಕಟ್ಟೆಯ ತುಂಬ ಶೆಟ್ಲಿ, ಶೆಟ್ಲಿಯ ತುಂಬ ಒಡೆದ ಐಸು. ಎರಡೂ ಕಡೆ ಹತ್ತು ಹತ್ತು ಹೆಂಗಸರು ನಿಂತು ಸುಲಿಯಬೇಕು. ತಲೆ ಮುರಿಯುವುದು, ಸಿಪ್ಪೆ ಬಿಡಿಸುವುದು, ಬೆನ್ನಿನ ಕರಿ ನಾರು ಎಳೆಯುವುದು, ಐಸುನೀರಿನ ಬೋಗುಣಿಗೆ ಹಾಕುವುದು. ಶೆಟ್ಲಿಯ ಮೂತಿಯ ಮುಳ್ಳು ಬೆರಳಿಗೆ ಹೊಕ್ಕರೂ ಗೊತ್ತಾಗುವುದಿಲ್ಲ. ರಕ್ತ ಕಂಡಾಗ ಗೊತ್ತು. ಕಟ್ಟೆ ಎತ್ತರ, ನಾವು ಗಿಡ್ಡ. ಅದಕ್ಕೆ ಎದೆ ಕಟ್ಟೆಗೆ ಒತ್ತಿಕೊಂಡೇ ನಿಲ್ಲಬೇಕು. ಕರಗಿದ ಐಸು ಅಂಚಿನಿಂದ ಇಳಿದು ಸೀರೆ, ಪೋಲ್ಕ, ಮೈ ಎಲ್ಲ ನೆನೆಸುತ್ತದೆ. ಬೆಳಗಿನ ಆರಕ್ಕೆ ನೆನೆದರೆ ಒಣಗುವುದು ಮನೆಗೆ ಹೋದ ಮೇಲೆ.

ಪುಷ್ಯ ತಿಂಗಳಲ್ಲಿ ಇದರ ಮೇಲೆ ಮೂಡಗಾಳಿ. ಘಟ್ಟದಿಂದ ಶರಾವತಿಯ ಗುಂಟ ಇಳಿದು ಬಂದು ನೇರ ನಮ್ಮ ಎದೆಗೇ ಬಡಿಯುತ್ತದೆ. ಕರಾವಳಿಯಲ್ಲಿ ಎಂತಹ ಥಂಡಿ ಎಂದು ಘಟ್ಟದ ಮೇಲಿನವರು ನಗುತ್ತಾರೆ. ಒದ್ದೆ ಪೋಲ್ಕ ಹಾಕಿಕೊಂಡು ಐಸಿಗೆ ಮೈಯೊಡ್ಡಿ ನಿಂತು ಆಮೇಲೆ ನಗಲಿ.

ಶೆಡ್ಡಿನಲ್ಲಿ ಒಂದು ನಿಯಮ ಇತ್ತು. ಬಿಸಿನೀರು ಒಳಗೆ ತರಬಾರದು. ಬಿಸಿ ತಾಗಿದ ಕೈಯಲ್ಲಿ ಮುಟ್ಟಿದರೆ ಮಾಲು ಮೆತ್ತಗಾಗುತ್ತದಂತೆ, ಕಂಪನಿಯವರು ವಾಪಸು ಕಳಿಸುತ್ತಾರಂತೆ. ನಾಗಪತಿಯ ಕೋಣೆಯಲ್ಲಿ ಮಾತ್ರ ಸೀಮೆಎಣ್ಣೆ ಸ್ಟೋವಿನ ಮೇಲೆ ದಿನವಿಡೀ ಚಾ ಕುದಿಯುತ್ತಿತ್ತು. ಆ ಭರ್ ಎನ್ನುವ ಸದ್ದು ಕೇಳುತ್ತ ನಾವು ಐಸಿನಲ್ಲಿ ಕೈ ಆಡಿಸುತ್ತಿದ್ದೆವು.

ಕಮಲಿ ನನ್ನ ಪಕ್ಕದ ಮನೆಯ ತಿಮ್ಮಕ್ಕನ ಸೊಸೆ. ಗಂಡ ದಾಸ ಕಾರವಾರದ ಬೋಟಿನಲ್ಲಿ ಇರುತ್ತಿದ್ದ. ಎಂಬತ್ಮೂರನೇ ಇಸವಿಯ ದೀಪಾವಳಿಗೆ ಅವಳು ಗಂಡು ಹೆತ್ತಳು, ಸೋಮ ಎಂದು ಹೆಸರಿಟ್ಟರು. ಒಂದೂವರೆ ತಿಂಗಳಿಗೆ ಶೆಡ್ಡಿಗೆ ಬಂದು ನನ್ನ ಬಗಲಿಗೆ ನಿಂತಳು. ಹೆಚ್ಚು ದಿನ ಕೂತರೆ ಜಾಗ ಬೇರೆಯವರಿಗೆ ಹೋಗುತ್ತದೆ. ತಿಮ್ಮಕ್ಕ ಮಗುವನ್ನು ಬೆಳಿಗ್ಗೆ ಹತ್ತಕ್ಕೆ ಒಮ್ಮೆ, ಮಧ್ಯಾಹ್ನ ಎರಡಕ್ಕೆ ಒಮ್ಮೆ ಹಾಲಿಗೆ ತರುತ್ತಿದ್ದಳು. ಕಮಲಿ ಗೋಡೆಯ ಮೂಲೆಯಲ್ಲಿ ಐಸು ತುಂಬಿ ಬರುವ ಖಾಲಿ ಪೆಟ್ಟಿಗೆಯ ಮೇಲೆ ಕೂತು ಕುಡಿಸುತ್ತಿದ್ದಳು.

ನಾಲ್ಕನೇ ದಿನವೋ ಐದನೇ ದಿನವೋ, ಮಗು ಬಾಯಿ ಹಾಕಿದ್ದೇ ತಡ, ಕಮಲಿ ಸೆರಗನ್ನು ಹಲ್ಲಿಗೆ ಕಚ್ಚಿಕೊಂಡಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ನಾನು ಹತ್ತಿರ ಹೋಗಿ ಕೇಳಿದೆ.

"ಸೂಜಿ ಹಾಕ್ದಂಗೆ ಆತದೆ ಮಾದೇವಕ್ಕ," ಎಂದಳು. "ಕುಡ್ದು ಬಿಟ್ಟ ಮೇಲೆ ಇನ್ನೂ ಜಾಸ್ತಿ. ಬೆಂಕಿ ಹಾಕ್ದಂಗೆ ಉರಿತದೆ. ಮಗು ಕೂಗ್ದ ಅಂದ್ರೆ ಈಗ ನಂಗೆ ಹೆದ್ರಿಕೆ ಬತ್ತದೆ."

ಮಗು ಬಾಯಿ ಬಿಟ್ಟಾಗ ನಾನು ನೋಡಿದೆ. ಮೊಲೆತೊಟ್ಟು ಬೆಳ್ಳಗೆ, ಸುಣ್ಣ ಬಳಿದ ಹಾಗೆ. ನೋಡುತ್ತಿದ್ದಂತೆ ನೀಲಿಗೆ ತಿರುಗಿತು, ಆಮೇಲೆ ಕೆಂಪಾಯಿತು. ಕೆಂಪಾಗುವಾಗ ಅವಳು ನರಳಿದಳು. ತಿಮ್ಮಕ್ಕನೂ ನೋಡಿದಳು.

"ಬಾಯಿ ತಾಗ್ಯದೆ," ಎಂದಳು.

ನಮ್ಮ ಕೇರಿಯಲ್ಲಿ ಈ ಮಾತಿಗೆ ಅರ್ಥ ಕೇಳುವ ಅಗತ್ಯವಿಲ್ಲ. ಸತ್ತವರ ಬಾಯಿ ತಾಗಿದೆ ಎಂದು. ಹೆರಿಗೆಯಲ್ಲಿ ಸತ್ತವಳೋ, ಹಾಲಿಲ್ಲದೆ ಸತ್ತ ಶಿಶುವೋ, ಬಾಣಂತಿಯ ಎದೆಗೆ ಬಾಯಿ ಹಾಕಿ ಮಗುವಿಗಿಂತ ಮೊದಲು ಕುಡಿದು ಹೋಗುತ್ತದೆ. ಹಾಲು ಮುಗಿದರೂ ಬಿಡುವುದಿಲ್ಲ, ರಕ್ತ ಹೀರುತ್ತದೆ. ಅದಕ್ಕೇ ತೊಟ್ಟು ಬೆಳ್ಳಗಾಗುತ್ತದೆ. ಪರಿಹಾರವೂ ಎಲ್ಲರಿಗೂ ಗೊತ್ತು. ಹಾಲು ಇಂಗಿಸಬೇಕು. ಮಲ್ಲಿಗೆ ಹೂವನ್ನು ಎದೆಯ ಮೇಲಿಟ್ಟು ಬಿಗಿಯಾಗಿ ಬಟ್ಟೆ ಕಟ್ಟಬೇಕು, ಬಾಡಿದ ಹಾಗೆ ಬೇರೆ ಹೂ ಇಡಬೇಕು. ಹಾಲಿಲ್ಲದ ಎದೆಗೆ ಸತ್ತವರು ಬರುವುದಿಲ್ಲ. ಅಲ್ಲಿಯವರೆಗೆ ಮಗುವಿಗೆ ಆಡಿನ ಹಾಲು, ಗಂಜಿತಿಳಿ.

ನನಗೂ ಬಾಯಿ ತಾಗಿತ್ತು. ಎಪ್ಪತ್ನಾಲ್ಕರ ಪುಷ್ಯದಲ್ಲಿ, ಇದೇ ಶೆಡ್ಡು ಹೊಸದಾಗಿ ಎದ್ದ ವರ್ಷ. ಗಂಗೆಗೆ ಎರಡೂವರೆ ತಿಂಗಳು. ಇದೇ ಬಿಳಿ, ಇದೇ ನೀಲಿ, ಇದೇ ಸೂಜಿ. ನನ್ನ ನಾದಿನಿ ಹೆರಿಗೆಯಲ್ಲಿ ತೀರಿಕೊಂಡವಳು, ಅವಳದೇ ಬಾಯಿ ಎಂದು ಎಲ್ಲರೂ ಹೇಳಿದರು. ಅತ್ತೆ ಬಸ್ಸಿನಲ್ಲಿ ಹೋಗಿ ಭಟ್ಕಳದಿಂದ ಮಲ್ಲಿಗೆ ತಂದಳು. ಕಟ್ಟಿಸಿಕೊಂಡೆ. ನಾನೇ ಕೈ ಎತ್ತಿ ನಿಂತು ಕಟ್ಟಿಸಿಕೊಂಡೆ, ಯಾರೂ ಹಿಡಿದುಕೊಂಡಿರಲಿಲ್ಲ. ಆ ನೋವು ಹೋದರೆ ಸಾಕಾಗಿತ್ತು. ಗಂಗೆ ಆಡಿನ ಹಾಲು ಕುಡಿದು ಭೇದಿ ಹಿಡಿದು ಹನ್ನೆರಡನೇ ದಿನ ಹೋದಳು. ಅಂದಿನಿಂದ ಯಾರ ಮುಡಿಯಲ್ಲಿ ಮಲ್ಲಿಗೆ ಕಂಡರೂ ನನಗೆ ವಾಂತಿ ಬಂದ ಹಾಗಾಗುತ್ತದೆ. ಭಟ್ಕಳದ ಹೂವಿನವರು ನನ್ನನ್ನು ಕ್ಷಮಿಸಬೇಕು.

ಹೋದವಳು ಪೂರ್ತಿ ಹೋಗಿರಲಿಲ್ಲ. ಐಸು ಒಡೆಯುವ ಸದ್ದಿನ ಕೆಳಗೆ ಅವಳು ಅಳುವುದು ಕೇಳುತ್ತಿತ್ತು. ಕೊಡತಿ ನಿಂತರೆ ಅದೂ ನಿಲ್ಲುತ್ತಿತ್ತು. ಸುಲಿಯುತ್ತಿರುವಾಗ ಮೊಣಕಾಲಿನ ಹತ್ತಿರ ಸೀರೆ ಯಾರೋ ಹಿಡಿದ ಹಾಗೆ ಜಗ್ಗುತ್ತಿತ್ತು. ಎರಡೂವರೆ ತಿಂಗಳ ಶಿಶು ಸೀರೆ ಜಗ್ಗುವುದಿಲ್ಲ. ಅವಳು ಬೆಳೆಯುತ್ತಿದ್ದಳು. ನಾನು ವರ್ಷ ಎಣಿಸುತ್ತಿದ್ದೆ. ಈಗ ನಡೆಯುತ್ತಾಳೆ, ಈಗ ಸಾಲೆಗೆ ಹೋಗಬೇಕಿತ್ತು, ಎಂದು. ಇದನ್ನು ಯಾರಿಗೂ ಹೇಳಿರಲಿಲ್ಲ.

ಹಾಗಿರುವಾಗ ಕಮಲಿಗೆ ಬಾಯಿ ತಾಗಿದ್ದು ಯಾರದ್ದು ಎಂಬ ಪ್ರಶ್ನೆ ಕಟ್ಟೆಯ ಸುತ್ತ ತಿರುಗಿತು. ದಾಸನ ಮನೆಯಲ್ಲಿ ಹಾಗೆ ಸತ್ತವರು ಇಲ್ಲ. ಕಮಲಿಯ ತವರಿನಲ್ಲೂ ಇಲ್ಲ. ಮಾತು ಸುತ್ತಿ ಸುತ್ತಿ ಕಮಲಿಯ ಬಗಲಿನಲ್ಲಿ ನಿಂತವಳ ಮೇಲೆ ಬಂತು. ಹಾಲು ಕುಡಿಯುವ ಮಗುವಿಗೆ ಹಾಲು ಕಟ್ಟಿದವಳು ನಾನು. ಹಸಿದು ಹೋದ ಮಗು ಅಬ್ಬೆಯ ಹಿಂದೆ ಹಿಂದೆ ಬರುತ್ತದೆ, ಅಬ್ಬೆಯ ಎದೆ ಒಣಗಿದೆ, ಪಕ್ಕದಲ್ಲಿ ತುಂಬಿದ ಎದೆ ಇದೆ. ಲೆಕ್ಕ ಸರಿಯಾಗಿಯೇ ಇತ್ತು. ನನ್ನನ್ನು ಸಾಲಿನ ಕೊನೆಗೆ ಹೋಗು ಎಂದರು. ಕೆಲವರು ನನ್ನ ನೆರಳು ತಾಗದ ಹಾಗೆ ಸುತ್ತಿ ಹೋಗತೊಡಗಿದರು.

ನಾನು ಸಾಲಿನ ಕೊನೆಗೆ ಹೋದೆ. ಆದರೆ ಹತ್ತು ಗಂಟೆಗೆ ಮಗು ಬಂದಾಗ ಎಂತಾದರೂ ನೆಪ ಮಾಡಿ ಗೋಡೆಯ ಮೂಲೆಯ ಹತ್ತಿರ ಬರುತ್ತಿದ್ದೆ. ಕಮಲಿ ಸೆರಗು ಕಚ್ಚಿ ನರಳುತ್ತಿದ್ದಳು. ನಾನು ಬೋಗುಣಿ ತೊಳೆಯುತ್ತ ಮನಸ್ಸಿನಲ್ಲಿ, ಕುಡಿ ಮಗಳೆ, ಎನ್ನುತ್ತಿದ್ದೆ. ಹೊಟ್ಟೆ ತುಂಬ ಕುಡಿ. ನಾ ಕೊಡಲಿಲ್ಲ, ಇವಳು ಕೊಡುತ್ತಾಳೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಐಸು ಒಡೆಯುವಾಗ ಅಳು ಕೇಳಲಿಲ್ಲ. ರಾತ್ರಿ ನಿದ್ದೆ ಬಂತು.

ಅತ್ತ ಸೋಮ ಸೊರಗುತ್ತಿದ್ದ. ಹೂ ಕಟ್ಟುವ ಮಾತು ಬಂದಾಗಲೆಲ್ಲ ಕಮಲಿ ಇನ್ನು ನಾಲ್ಕು ದಿನ ನೋಡುವ ಎನ್ನುತ್ತಿದ್ದಳು. ನೋವಿಗೆ ಹೆದರಿ ಕಮಲಿ ಅವನನ್ನು ಎರಡು ಗುಟುಕಿಗೆ ಎದೆಯಿಂದ ಬಿಡಿಸುತ್ತಿದ್ದಳು. ಅವನ ನೆತ್ತಿ ಕುಳಿ ಬಿದ್ದಿತ್ತು, ಕಾಲು ಕಡ್ಡಿಯಾಗಿತ್ತು. ಆ ಕುಳಿಯನ್ನು ನಾನು ಮೊದಲು ಒಮ್ಮೆ ನೋಡಿದ್ದೆ, ನನ್ನ ಮನೆಯಲ್ಲಿ. ಗೊತ್ತಿದ್ದೂ ಸುಮ್ಮನಿದ್ದೆ. ಹದಿನೈದು ದಿನ ಸುಮ್ಮನಿದ್ದೆ.

ಆಮೇಲೆ ಕುಮಟಾದ ಕಡೆ ಕರೆಂಟು ಹೋಯಿತು. ಐಸು ಅಲ್ಲಿಂದಲೇ ಬರಬೇಕು. ಲಾರಿ ಬರಲಿಲ್ಲ. ಮೂರು ದಿನ ಶೆಡ್ಡು ಮುಚ್ಚಿತು.

ಮೊದಲ ದಿನ ಮಧ್ಯಾಹ್ನ ತಿಮ್ಮಕ್ಕನ ಅಂಗಳದ ಬಿಸಿಲಿನಲ್ಲಿ ಕಮಲಿ ಒಣಗಿದ ಪೋಲ್ಕ ಹಾಕಿಕೊಂಡು ಕೂತಿದ್ದಳು. ಮಗು ಎದೆಯಲ್ಲಿತ್ತು. ಬೇಲಿಯ ಈಚೆಯಿಂದ ನಾನು ನೋಡುತ್ತಿದ್ದೆ, ಗಂಗೆ ಬರುತ್ತಾಳೆ ಎಂದು. ಕಮಲಿ ಸೆರಗು ಕಚ್ಚಲಿಲ್ಲ. ಮಗು ಚಪ್ಪರಿಸಿ ಚಪ್ಪರಿಸಿ ಕುಡಿದು, ತಾನಾಗಿ ಬಾಯಿ ಬಿಟ್ಟು ನಿದ್ದೆ ಮಾಡಿತು. ನಾನು ಬೇಲಿ ದಾಟಿ ಹೋಗಿ ನೋಡಿದೆ. ತೊಟ್ಟು ಕೆಂಪಗೆ, ಬೇರೆಯವರದ್ದರ ಹಾಗೆಯೇ ಇತ್ತು. ನೋವಿಲ್ಲವೇ ಎಂದು ಕೇಳಿದೆ. ಇವತ್ತು ಇಲ್ಲ, ಎಂದು ಅವಳು ಹೆದರಿ ಹೆದರಿ ನಕ್ಕಳು, ಹೇಳಿದರೆ ಎಲ್ಲಿ ವಾಪಸು ಬರುತ್ತದೋ ಎಂಬ ಹಾಗೆ. ಎರಡನೇ ದಿನವೂ ಇಲ್ಲ. ಮೂರನೇ ದಿನವೂ ಇಲ್ಲ.

ಭೂತಕ್ಕೆ ರಜೆ ಇರುತ್ತದೆಯೇ? ಐಸಿನ ಲಾರಿ ಬಂದರೆ ಬರುವ, ಲಾರಿ ಬರದಿದ್ದರೆ ಬರದ ಭೂತ ಯಾವುದು? ನಾನು ದಡ್ಡಿ ಇರಬಹುದು, ಇಷ್ಟು ತಿಳಿಯದಷ್ಟು ದಡ್ಡಿಯಲ್ಲ. ಒಳಗೆ ಬಂದು ಬಾಗಿಲು ಹಾಕಿಕೊಂಡು ಕೂತೆ. ನನ್ನ ಎಪ್ಪತ್ನಾಲ್ಕರ ಪುಷ್ಯವನ್ನು ದಿನ ದಿನ ನೆನಪಿಸಿಕೊಂಡೆ. ಐಸಿಗೆ ಹೋದ ದಿನ ನೋವು. ಅಮಾವಾಸ್ಯೆಗೆ ಶೆಡ್ಡು ಮುಚ್ಚಿದ ದಿನ ಗಂಗೆ ಹೊಟ್ಟೆ ತುಂಬ ಕುಡಿದಿದ್ದಳು. ಆ ದಿನವೂ ನಾನು ನೋಡಿದ್ದೆ. ನೋಡಿದ್ದು ತಲೆಗೆ ಹೋಗಿರಲಿಲ್ಲ.

ಇದನ್ನು ಕಮಲಿಗೆ ಹೇಳಬೇಕಾದರೆ ಗಂಗೆ ಬಂದಿಲ್ಲ ಎನ್ನಬೇಕು. ಕುಡಿದಿಲ್ಲ ಎನ್ನಬೇಕು. ಈಗಲೂ ಹಸಿದೇ ಇದ್ದಾಳೆ, ಅಥವಾ ಎಲ್ಲಿಯೂ ಇಲ್ಲ. ಒಂದು ಇಡೀ ದಿನ ನನಗೆ ಬಾಯಿ ಬರಲಿಲ್ಲ. ಆ ದಿನವನ್ನೂ ನನ್ನ ಪಾಪಕ್ಕೇ ಸೇರಿಸಿಕೊಳ್ಳಿ.

ಲಾರಿ ಬಂತು. ಹತ್ತು ಗಂಟೆಗೆ ಕಮಲಿಯ ಬೆರಳು ಸುಣ್ಣವಾಗಿತ್ತು, ಎದೆ ಸುಣ್ಣವಾಗಿತ್ತು. ನಾನು ಅವಳನ್ನು ಮೂಲೆಗೆ ಎಳೆದುಕೊಂಡು ಹೋಗಿ ಅವಳ ಎರಡೂ ಕೈಯನ್ನು ನನ್ನ ಸೀರೆಯೊಳಗೆ ಹೊಟ್ಟೆಗೆ ಒತ್ತಿ ಹಿಡಿದೆ. ನನ್ನ ಹೊಟ್ಟೆ ಜುಮ್ಮೆಂದಿತು. ಸ್ವಲ್ಪ ಹೊತ್ತಿಗೆ ಬೆರಳು ನೀಲಿಯಾಯಿತು, ಕೆಂಪಾಯಿತು. ಇದೇ ಬಿಳಿ ಅಲ್ಲವೇ ಅಲ್ಲೂ, ಎಂದು ಕೇಳಿದೆ. ಬೆರಳಿನಿಂದ ಯಾರು ಹಾಲು ಕುಡಿದರು ಹೇಳು, ಎಂದೆ. ಅವಳು ಬೆರಳು ನೋಡಿದಳು, ನನ್ನನ್ನು ನೋಡಿದಳು, ಅಳತೊಡಗಿದಳು.

ಒಂದು ತಪ್ಪಲೆ ಬಿಸಿನೀರು. ಮಗು ಬರುವ ಮೊದಲು ಕೈ ಅದ್ದಿ, ಬಿಸಿ ಬಟ್ಟೆ ಹಿಂಡಿ ಎದೆಗೆ ಇಟ್ಟು, ಒಣಗಿದ ಒಂದು ಪೋಲ್ಕ ಹಾಕಿಕೊಂಡರೆ ಆತು. ಇಷ್ಟು ಕೇಳಲು ನಾನು ನಾಗಪತಿಯ ಕೋಣೆಗೆ ಹೋದೆ. ಅವನು ಚಾ ಊದಿಕೊಂಡು ಕುಡಿಯುತ್ತಿದ್ದ.

"ಬಿಸಿನೀರು ಒಳಗೆ ಬಂದ್ರೆ ಮಾಲು ಹಾಳಾತದೆ," ಎಂದ. "ಅದ್ರ ಜವಾಬ್ದಾರಿ ನೀ ತಕಂತ್ಯ? ಥಂಡಿ ತಡಿಯುಕೆ ಆಗ್ದಿದ್ರೆ ಮನೇಲಿ ಕೂತ್ಕಳಿ. ಬರವ್ರು ಬೇಕಷ್ಟು ಜನ ಇದ್ರು."

ಹೊರಗೆ, ಬಾಗಿಲ ಆಚೆ ಒಲೆ ಹಾಕುತ್ತೇವೆ, ಸೌದೆ ನಾವೇ ತರುತ್ತೇವೆ ಎಂದೆ. ಒಬ್ಬಳಿಗೆ ಕೊಟ್ಟರೆ ಇಪ್ಪತ್ತು ಜನ ಬೆಂಕಿಯ ಮುಂದೆ ಕೂರುತ್ತಾರೆ, ಸುಲಿಯುವವರು ಯಾರು, ಎಂದು ಕೇಳಿದ. ಅಲ್ಲಿಗೆ ನಿಜ ಹೊರಗೆ ಬಂತು. ಮಾಲು ಮೆತ್ತಗಾಗುವುದಲ್ಲ, ನಾವು ಎರಡು ನಿಮಿಷ ಕೂರುವುದು ಅವರಿಗೆ ಕಷ್ಟ.

ತಿಮ್ಮಕ್ಕನಿಗೆ ಹೇಳಿದೆ. ಅವಳು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಮೊಮ್ಮಗ ಕಣ್ಣ ಮುಂದೆ ಒಣಗುತ್ತಿದ್ದ. ನಿನ್ನ ಮಗಳನ್ನು ಬಿಡಿಸಿಕೊಳ್ಳಲಿಕ್ಕೆ ಸುಳ್ಳು ಕಟ್ಟುತ್ತೀಯ ಎಂದು ನನ್ನ ಮೇಲೆಯೇ ಬಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಅದೇ ನಂಬಿದ್ದವಳು.

ಅಷ್ಟರಲ್ಲಿ ಸುದ್ದಿ ಸಾವ್ಕಾರನಿಗೆ ಮುಟ್ಟಿತ್ತು. ಭೂತ ಹೊಕ್ಕ ಶೆಡ್ಡು ಎಂದು ನಾಲ್ಕು ಜನ ಬಾಣಂತಿಯರು, ಬಸುರಿಯರು ಕೆಲಸ ಬಿಟ್ಟಿದ್ದರು. ಸುಲಿಯುವುದು ತಡವಾಗುತ್ತಿತ್ತು. ತ್ರ್ಯಂಬಕ ಸಾವ್ಕಾರ ತಾನೇ ಶಾಂತಿ ಮಾಡಿಸುತ್ತೇನೆ ಎಂದ. ಬಾಡದಿಂದ ನೋಟ ಹೇಳುವ ದುರ್ಗನನ್ನು ಕರೆಸಿದ. ತೆಂಗಿನಕಾಯಿ, ಹುಂಜ, ಹೊಸ ಬಟ್ಟೆ ತರಿಸಿದ. ಭಟ್ಕಳದಿಂದ ಬಾಳೆ ಎಲೆಯಲ್ಲಿ ಸುತ್ತಿದ ಮಲ್ಲಿಗೆಯ ಕಟ್ಟು ಬಂತು. ಬೆಂಕಿಗೆ ಸೌದೆ ಬಂತು, ಒಂದು ಹೊರೆ, ಒಣಗಿದ್ದು, ಒಳ್ಳೆಯದು. ಸಾವ್ಕಾರ ಎಷ್ಟು ಧರ್ಮಾತ್ಮ ಎಂದು ಕೇರಿಯೆಲ್ಲ ಕೊಂಡಾಡಿತು. ಭೂತಕ್ಕೆ ಬೇಕಾದ್ದನ್ನು ಅದು ಕೇಳುವ ಮೊದಲೇ ಅವನು ಕೊಡುತ್ತಾನೆ.

ಶನಿವಾರ ಬೆಳಿಗ್ಗೆ ಲಾರಿ ಐಸು ಇಳಿಸಿತ್ತು. ಕಟ್ಟೆಯ ಮೇಲೆ ಶೆಟ್ಲಿ ಸುರಿದಿತ್ತು. ಶಾಂತಿ ಮುಗಿದ ಕೂಡಲೆ ಕೆಲಸ, ಎಂದು ನಾಗಪತಿ ಹೇಳಿದ್ದ. ಶೆಡ್ಡಿನ ನಡುವೆ ಮೂರು ಕಲ್ಲು ಇಟ್ಟು ದುರ್ಗ ಬೆಂಕಿ ಮಾಡಿದ. ಕಮಲಿಯನ್ನು ಮಗುವಿನ ಸಮೇತ ಮಣೆಯ ಮೇಲೆ ಕೂರಿಸಿದರು. ಸಾವ್ಕಾರ ಕುರ್ಚಿಯಲ್ಲಿ. ಹೆಂಗಸರು ಗೋಡೆಗೆ ಒತ್ತಿ ನಿಂತಿದ್ದರು. ಮಗು ಅಳುತ್ತಿತ್ತು, ಅಳು ಎನ್ನುವ ಹಾಗೆ ಇರಲಿಲ್ಲ, ಒಂದು ಸಣ್ಣ ಕಿರ್ ಸದ್ದು.

ದುರ್ಗನಿಗೆ ಮೈಮೇಲೆ ಬಂತು. ನಡುಗಿದ. ನನ್ನ ಕಡೆ ಕೈ ತೋರಿಸಿದ. ಅಬ್ಬೆ ಬಿಟ್ಟುಕೊಡದೆ ಶಿಶು ಹೋಗುವುದಿಲ್ಲ ಎಂದ. ಅಬ್ಬೆ ಬೆಂಕಿಯ ಮುಂದೆ ನಿಂತು, ನೀನು ನನ್ನ ಮಗಳಲ್ಲ, ನಿನಗೂ ನನಗೂ ಹಾಲಿನ ಋಣ ಇಲ್ಲ, ಹೋಗು, ಎಂದು ಮೂರು ಸಲ ಹೇಳಬೇಕು. ಆಮೇಲೆ ಕಮಲಿಯ ಎದೆಗೆ ಹೂ ಕಟ್ಟಬೇಕು. ತಿಮ್ಮಕ್ಕ ಆಗಲೇ ಎಲೆ ಬಿಡಿಸುತ್ತಿದ್ದಳು. ಆ ವಾಸನೆ ಶೆಡ್ಡಿನ ತುಂಬ ಹರಡಿತು. ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡೆ.

"ಹೇಳು ಮಾದೇವಿ," ಎಂದ ಸಾವ್ಕಾರ. "ಹೊತ್ತಾತು."

ನಾನು ಬೆಂಕಿಯ ಹತ್ತಿರ ಹೋದೆ. ಬಾಯಿ ತೆರೆದೆ. ಆಗ ಸೀರೆ ಜಗ್ಗಿತು, ಮೊಣಕಾಲಿನ ಹತ್ತಿರ. ಆಣೆ ಮಾಡಿ ಹೇಳುತ್ತೇನೆ, ಜಗ್ಗಿತು. ನೀನು ನನ್ನ ಮಗಳಲ್ಲ ಎಂಬ ಮಾತು ನನ್ನ ಬಾಯಿಗೆ ಬರಲಿಲ್ಲ. ಬರುವುದೂ ಬೇಡ ಅನಿಸಿತು. ಕೊಂದದ್ದು ಸಾಲದೆ, ಈಗ ಕಳ್ಳಿಯನ್ನಾಗಿಯೂ ಮಾಡಬೇಕೇ ಅವಳನ್ನು?

ನಾನು ತಿರುಗಿ ಕಟ್ಟೆಯ ಹತ್ತಿರ ಹೋದೆ. ಎರಡೂ ಕೈಯನ್ನು ಮೊಣಕೈವರೆಗೆ ಐಸಿನಲ್ಲಿ ಹುಗಿದೆ. ಎದೆಯನ್ನು ಐಸಿನ ಮೇಲೆ ಒತ್ತಿ ಬಗ್ಗಿ ನಿಂತೆ. ಎಲ್ಲರಿಗೂ ನನ್ನನ್ನು ಗಂಗೆಯೇ ಹಿಡಿದಳು ಅನಿಸಿರಬೇಕು, ಒಬ್ಬರೂ ಹತ್ತಿರ ಬರಲಿಲ್ಲ. ಮೂಡಗಾಳಿ ಬೀಸುತ್ತಿತ್ತು. ಮೊದಲು ನೋವು, ಆಮೇಲೆ ಇನ್ನೂ ನೋವು, ಆಮೇಲೆ ಏನೂ ಇಲ್ಲ. ಹಲ್ಲು ಕಟಕಟ ಅನ್ನುತ್ತಿತ್ತು. ಬೆರಳು ಬೆಳ್ಳಗಾದದ್ದು ಕಂಡ ಮೇಲೆ ಎದ್ದೆ.

ಗಂಡಸರಿಗೆ ಬೆನ್ನು ಹಾಕಿ ಹೆಂಗಸರ ಮುಂದೆ ನಿಂತೆ. ಪೋಲ್ಕದ ಗುಂಡಿ ಬಿಚ್ಚಲಿಕ್ಕೆ ಬೆರಳು ಬಗ್ಗಲಿಲ್ಲ. ಕಿತ್ತೆ. ನನ್ನ ಒಣಗಿದ ಎದೆಯನ್ನು ಅವರಿಗೆ ತೋರಿಸಿದೆ. ಹಿಂದಿನಿಂದ ಸಾವ್ಕಾರ, ಮರ್ಯಾದೆ ಇಲ್ಲವೇ, ಎಂದು ಕಿರುಚಿದ. ನಾನು ಮುಚ್ಚಿಕೊಳ್ಳಲಿಲ್ಲ.

"ನೋಡಿ," ಎಂದೆ. "ಒಂಬತ್ತು ವರ್ಷ ಆತು, ಇದ್ರಲ್ಲಿ ಒಂದು ಹನಿ ಹಾಲಿಲ್ಲ. ಇಲ್ಲಿ ಕುಡಿಯುಕೆ ಯಾರು ಬಂದ್ರು? ಇದ್ಯಾಕೆ ಬೆಳ್ಳಗಾತು?"

ತಿಮ್ಮಕ್ಕ ಹತ್ತಿರ ಬಂದಳು. ಮಡಿಲಿನಲ್ಲಿ ಹೂ ಇತ್ತು. ಬಗ್ಗಿ ನೋಡಿದಳು, ಕಮಲಿಯದನ್ನು ನೋಡಿದ ಹಾಗೆ. ಬೆರಳು ಚಾಚಿ ತೊಟ್ಟನ್ನು ಮುಟ್ಟಿದಳು. ಸುಣ್ಣದ ಬಿಳಿ ಅವಳ ಕಣ್ಣ ಮುಂದೆ ನೀಲಿಗೆ ತಿರುಗುತ್ತಿತ್ತು.

"ನನ್ನ ಮಗಳು ಯಾರ ಹಾಲೂ ಕದ್ದಿಲ್ಲ," ಎಂದೆ. "ಅವ್ಳು ಇಲ್ಲಿ ಇಲ್ಲ ತಿಮ್ಮಕ್ಕ. ಎಲ್ಲೂ ಇಲ್ಲ. ಐಸು ಒಂದೇ ಇರುದು."

ಈ ಮಾತು ಹೇಳುವಾಗ ಸೀರೆ ಹಿಡಿದಿದ್ದ ಕೈ ಬಿಟ್ಟಿತು. ನನಗೆ ಗೊತ್ತಾಯಿತು.

ಮೂಲೆಯಲ್ಲಿ ಶೆಡ್ಡು ತೊಳೆಯುವ ದೊಡ್ಡ ತಪ್ಪಲೆ ಇತ್ತು. ಅದರಲ್ಲಿ ನೀರು ತುಂಬಿ ತಂದು ದುರ್ಗನ ಬೆಂಕಿಯ ಮೇಲೆ, ಆ ಮೂರು ಕಲ್ಲಿನ ಮೇಲೆ ಇಟ್ಟೆ. ದುರ್ಗನ ಮೈಮೇಲಿನದು ಆಗಲೇ ಇಳಿದಿತ್ತು; ಅವನು ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು ಬದಿಗೆ ಸರಿದ. ನಾಗಪತಿ ಓಡಿ ಬಂದು ತಪ್ಪಲೆಗೆ ಕಾಲು ಎತ್ತಿದ. ತಿಮ್ಮಕ್ಕ ಅವನ ಮುಂದೆ ನಿಂತಳು. ಮಡಿಲು ಕೊಡವಿ ಹೂವನ್ನು ಬೆಂಕಿಗೆ ಸುರಿದಳು. ಅವಳ ಹಿಂದೆ ಮತ್ತೊಬ್ಬಳು ಬಂದಳು, ಮತ್ತೊಬ್ಬಳು. ನನ್ನ ನೆರಳು ತಪ್ಪಿಸಿ ನಡೆದವರೂ ಬಂದರು. ನಾಗಪತಿ ಕಾಲು ಇಳಿಸಿದ.

ಕಟ್ಟೆಯ ಮೇಲೆ ಐಸು ಕರಗುತ್ತಿತ್ತು. ಶೆಟ್ಲಿ ಕಾಯುತ್ತಿತ್ತು, ಮಂಗಳೂರಿಗೆ ಹೋಗುವ ಗಾಡಿ ಕಾಯುತ್ತಿತ್ತು. ಸುಲಿಯಿರಿ ಎಂದು ಸಾವ್ಕಾರ ಮೊದಲು ಗದರಿದ, ಆಮೇಲೆ ಕೇಳಿಕೊಂಡ. ನೀರು ಕಾಯಲಿ, ಎಂದೆವು. ಇದ್ದ ಹೆಂಗಸರೆಲ್ಲ ಬೆಂಕಿಯ ಸುತ್ತ ಕೂತೆವು. ನಾಗಪತಿ ಹೆದರಿದ್ದೂ ಇದಕ್ಕೇ ಅಲ್ಲವೇ.

ನೀರು ಕಾದ ಮೇಲೆ ಕಮಲಿಯ ಕೈ ಅದ್ದಿಸಿದೆ. ಬಟ್ಟೆ ಹಿಂಡಿ ಎದೆಗೆ ಇಟ್ಟೆ. ಯಾರೋ ತಮ್ಮ ಒಣ ಸೆರಗನ್ನು ಅವಳ ಬೆನ್ನಿಗೆ ಹೊದಿಸಿದರು. ಮೂಡಗಾಳಿಗೆ ಕಟ್ಟಿದ್ದ ಬಿಳಿ ಹೋಯಿತು. ಮಗುವಿನ ಬಾಯಿಗೆ ಇಟ್ಟಳು. ಕಣ್ಣು ಬಿಗಿದು ಕಾಯುತ್ತಿದ್ದಳು, ಸೂಜಿ ಈಗ ಬರುತ್ತದೆ ಎಂದು. ಬರಲಿಲ್ಲ. ಸೋಮ ಕುಡಿದ. ಶೆಡ್ಡಿನ ಒಳಗೆ ಆ ಗುಟುಕಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಕಮಲಿ ಕಣ್ಣು ತೆರೆದು, "ಅಕ್ಕ, ಕುಡಿತಾ ಇದ್ದ," ಎಂದಳು.

ನನ್ನನ್ನು ಮಾರನೇ ದಿನವೇ ಕೆಲಸದಿಂದ ತೆಗೆದರು. ಸಾವ್ಕಾರನ ಮುಂದೆ ಮೈ ತೋರಿಸಿದೆ ಎಂಬುದು ಕಾರಣ. ಅವನಿಗೆ ತೋರಿಸಿದ್ದು ಬೆನ್ನು, ಅದೂ ಸೀರೆ ಸುತ್ತಿದ ಬೆನ್ನು. ತಪ್ಪಲೆ ಮಾತ್ರ ಅಲ್ಲೇ ಉಳಿಯಿತು. ಉಳಿಸದಿದ್ದರೆ ಸುಲಿಯುವುದಿಲ್ಲ ಎಂದು ಹೆಂಗಸರು ಕೂತರು. ಹೆಂಗಸರ ಮಾತು ಕೇಳಿದೆ ಎಂದಾಗಬಾರದಲ್ಲ, ಅದಕ್ಕೆ ಇದು ದುರ್ಗ ಹೇಳಿದ ಪರಿಹಾರ, ಭೂತಶಾಂತಿಯ ನೀರು, ಎಂದು ಸಾವ್ಕಾರ ಊರಿಗೆಲ್ಲ ಹೇಳಿಕೊಂಡ. ಹೇಳಿಕೊಳ್ಳಲಿ. ನೀರು ಬಿಸಿ ಇದ್ದರೆ ಸಾಕು.

ನಾನೀಗ ಬುಟ್ಟಿ ಹೊತ್ತು ಕುಮಟಾದ ಪೇಟೆಯಲ್ಲಿ ಮೀನು ಮಾರುತ್ತೇನೆ. ಸೋಮನಿಗೆ ನಾಲ್ಕು ವರ್ಷವಾಯಿತು, ಬೇಲಿ ಹಾರಿ ಬಂದು ನನ್ನ ಕೈಯಿಂದ ಅವಲಕ್ಕಿ ಕಸಿದುಕೊಂಡು ತಿನ್ನುತ್ತಾನೆ. ಅವನನ್ನು ನೋಡಿದರೆ ಖುಷಿಯಾಗುತ್ತದೆ. ಹೊಟ್ಟೆ ಉರಿಯುವುದೂ ಉಂಟು.

ಗಂಗೆ ಬರುವುದಿಲ್ಲ. ಆ ಶನಿವಾರದ ಮೇಲೆ ಒಂದು ಸಲವೂ ಬಂದಿಲ್ಲ. ಐಸು ಒಡೆಯುವಲ್ಲಿ ಹೋಗಿ ನಿಂತು ಕಿವಿ ಕೊಟ್ಟಿದ್ದೇನೆ, ಕೊಡತಿಯ ಸದ್ದು ಮಾತ್ರ ಕೇಳುತ್ತದೆ. ಸತ್ತವರ ಬಾಯಿ ತಾಗುವುದು ನಿಜವಾಗಿದ್ದರೆ ಗಂಗೆಯನ್ನು ಕೊಂದವಳು ನಾದಿನಿ ಎನ್ನಬಹುದಿತ್ತು. ಈಗ ಯಾರ ಹೆಸರು ಹೇಳಲಿ? ಸಾವ್ಕಾರನ ಹೆಸರು ಹೇಳುತ್ತೇನೆ, ಎಲ್ಲರ ಎದುರು ಹೇಳುತ್ತೇನೆ. ಆದರೆ ಒಂದು ಮಾತು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ, ಕಮಲಿಗೂ ಹೇಳಿಲ್ಲ. ಗಂಗೆಯನ್ನು ಮಣ್ಣು ಮಾಡಿ ಗಂಡಸರು ವಾಪಸು ಬಂದ ಹೊತ್ತಿಗೆ ನನ್ನ ಪೋಲ್ಕ ಒದ್ದೆಯಾಗಿತ್ತು. ಐಸಿನ ನೀರು ಅಂದುಕೊಂಡೆ. ನಾನು ಶೆಡ್ಡಿಗೆ ಹೋಗದೆ ಹನ್ನೆರಡು ದಿನವಾಗಿತ್ತು. ಅದು ಹಾಲು.